ಒಂದು ಇಂಗ್ಲಿಷ್ ಪದಕ್ಕೆ ನಾಲ್ಕು ಸ್ಪ್ಯಾನಿಷ್ ಪದ ಇದ್ದಾಗ ಯಾವುದನ್ನು ಆರಿಸಬೇಕು?

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದವರ ವಾಕ್ಯಗಳನ್ನು ತಿದ್ದುವಾಗ ಒಂದೇ ಜಾತಿಯ ತಪ್ಪು ಮತ್ತೆ ಮತ್ತೆ ಸಿಗುತ್ತದೆ. ‘ಐ ಆಮ್ ಹಂಗ್ರಿ’ ಎನ್ನಲು ‘ಸೊಯ್ ಆಂಬ್ರೆ’ ಎಂದು ಬರೆದಿರುತ್ತಾರೆ. ‘ಆಮ್’ಗೆ ನಿಘಂಟು ‘ಸೊಯ್’ ಕೊಟ್ಟಿದೆ, ಹಸಿವಿಗೆ ‘ಆಂಬ್ರೆ’ ಕೊಟ್ಟಿದೆ. ಬಿಡಿಬಿಡಿಯಾಗಿ ಎರಡೂ ಸರಿ. ಜೋಡಿಸಿದರೆ ‘ನಾನೇ ಹಸಿವು’ ಎಂದಾಗುತ್ತದೆ! ಸರಿಯಾದ ವಾಕ್ಯ ‘ತೆಂಗೊ ಆಂಬ್ರೆ’, ಅಂದರೆ ‘ನನ್ನಲ್ಲಿ ಹಸಿವಿದೆ’.

ಇಂಥವರಿಗೆ ಪದಗಳ ಕೊರತೆ ಇರುವುದಿಲ್ಲ. ಅವರು ಇಂಗ್ಲಿಷ್‌ನಿಂದ ನೇರವಾಗಿ ಸ್ಪ್ಯಾನಿಷ್‌ಗೆ ಹಾರುತ್ತಾರೆ, ಎಡವುವುದು ಅಲ್ಲೇ. ನಡುವೆ ಒಂದು ಕ್ಷಣ ಕನ್ನಡದಲ್ಲಿ ನಿಂತು ನೋಡಿದರೆ ಅರ್ಧ ತಪ್ಪು ಅಲ್ಲೇ ಬಿದ್ದುಹೋಗುತ್ತದೆ, ಏಕೆಂದರೆ ಇಂಗ್ಲಿಷ್ ಒಂದೇ ಪದದಲ್ಲಿ ತುರುಕಿದ್ದನ್ನು ಕನ್ನಡ ಎಷ್ಟೋ ಕಡೆ ಆಗಲೇ ಬಿಡಿಸಿಟ್ಟಿದೆ. ಕೆಲವು ಕಡೆ ಮಾತ್ರ ಕನ್ನಡವೇ ಕೈಕೊಡುತ್ತದೆ. ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಓದುವ ಮುನ್ನ ಉಚ್ಚಾರದ ಬಗ್ಗೆ ಒಂದು ಮಾತು. ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದಲ್ಲಿ ಕೇಳಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ನಿಘಂಟಿನಲ್ಲಿ ಹುಡುಕುವಾಗ ಮೂರು ಸಂಗತಿ ನೆನಪಿರಲಿ: ‘ಎಚ್’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ (‘ಆಂಬ್ರೆ’, ‘ಆಯ್’, ‘ಓರಾ’ ಎಲ್ಲವೂ ‘ಎಚ್’ನಿಂದಲೇ ಶುರು); ‘ವಿ’ ಮತ್ತು ‘ಬಿ’ ಎರಡಕ್ಕೂ ಒಂದೇ ಧ್ವನಿ; ‘ಜೆ’ ಬರೆದಲ್ಲಿ ‘ಹ’ ಕೇಳಿಸುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್–ಸ್ಪ್ಯಾನಿಷ್ ನಿಘಂಟು ಬೇಕು. ಬರೀ ಪದಪಟ್ಟಿ ಕೊಡುವ ಪುಟ್ಟ ನಿಘಂಟಿನಿಂದ ಈ ಕೆಲಸ ಆಗದು. ಜೊತೆಗೆ ಸ್ಪೇನ್‌ನ ಭಾಷಾ ಅಕಾಡೆಮಿಯಾದ ರಿಯಲ್ ಅಕಾಡೆಮಿಯಾ ಎಸ್ಪನ್ಯೋಲಾ ಸಂಸ್ಥೆಯ ಸ್ಪ್ಯಾನಿಷ್–ಸ್ಪ್ಯಾನಿಷ್ ನಿಘಂಟು. ಅದರ 23ನೇ ಆವೃತ್ತಿ 2014ರಲ್ಲಿ ಬಂದಿದ್ದು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬಳಕೆಯ ಅನುಮಾನಗಳಿಗೆಂದೇ ಅದೇ ಸಂಸ್ಥೆ ಇತರ ಅಕಾಡೆಮಿಗಳ ಜೊತೆ ಸೇರಿ 2005ರಲ್ಲಿ ಹೊರತಂದ ‘ದಿಕ್ಸಿಯೊನಾರಿಯೊ ಪಾನಿಸ್ಪಾನಿಕೊ ದೆ ದೂದಾಸ್’ ಕೂಡ ಅಲ್ಲೇ ಇದೆ.

ನಿಘಂಟಿನ ಚಿಕ್ಕ ಅಕ್ಷರಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ‘ಎಮ್’ ಅಂದರೆ ಪುಲ್ಲಿಂಗ, ‘ಎಫ್’ ಅಂದರೆ ಸ್ತ್ರೀಲಿಂಗ, ‘ಟಿಆರ್’ ಸಕರ್ಮಕ ಕ್ರಿಯಾಪದ, ‘ಐಎನ್‌ಟಿಆರ್’ ಅಕರ್ಮಕ, ‘ಪಿಆರ್‌ಎನ್‌ಎಲ್’ ಇದ್ದರೆ ಕ್ರಿಯಾಪದದ ಜೊತೆ ‘ಸೆ’ ಸೇರುತ್ತದೆ. ದೇಶದ ಹೆಸರಿನ ಸಂಕ್ಷೇಪ ಕಂಡರೆ ಆ ಅರ್ಥ ಅಲ್ಲಿಗೆ ಮಾತ್ರ ಸೀಮಿತ. ಹಳೆಯ ಅಚ್ಚಿನ ನಿಘಂಟಾದರೆ ಇನ್ನೊಂದು ತೊಡಕಿದೆ. 1994ರವರೆಗೆ ‘ಸಿಎಚ್’ ಮತ್ತು ಜೋಡಿ ‘ಎಲ್’ಗಳನ್ನು ಪ್ರತ್ಯೇಕ ಅಕ್ಷರಗಳಂತೆ ಬೇರೆ ವಿಭಾಗದಲ್ಲಿ ಜೋಡಿಸುತ್ತಿದ್ದರು. ಪದ ಸಿಗದಿದ್ದರೆ ಅಲ್ಲಿ ನೋಡಿ.

## 1. ಪದ ಬಿಟ್ಟು ವಾಕ್ಯ ಹಿಡಿಯಿರಿ

ಹುಡುಕಬೇಕಾದ ಪದವನ್ನು ಒಂಟಿಯಾಗಿ ಎತ್ತಿಕೊಳ್ಳಬೇಡಿ. ಪೂರ್ತಿ ವಾಕ್ಯ ಬರೆದು, ಆ ಪದ ಅಲ್ಲಿ ನಾಮಪದವೋ, ಕ್ರಿಯಾಪದವೋ, ವಿಶೇಷಣವೋ ಗುರುತಿಸಿ.

ಇಂಗ್ಲಿಷ್‌ನ ‘ಲೈಟ್’ ನೋಡಿ. ಬೆಳಕಾದರೆ ‘ಲುಸ್’, ಭಾರವಿಲ್ಲದ್ದಾದರೆ ‘ಲಿಹೆರೊ’, ತಿಳಿ ಬಣ್ಣವಾದರೆ ‘ಕ್ಲಾರೊ’, ದೀಪ ಹಚ್ಚುವುದಾದರೆ ‘ಎನ್ಸೆಂದೆರ್’. ನಿಘಂಟಿನಲ್ಲಿ ಮೊದಲು ಕಣ್ಣಿಗೆ ಬಿದ್ದ ‘ಲುಸ್’ ತಂದು ಪೆಟ್ಟಿಗೆಯ ಮುಂದೆ ಇಟ್ಟರೆ ‘ಬೆಳಕು ಪೆಟ್ಟಿಗೆ’ ಆಗುತ್ತದೆ.

ಇಂಗ್ಲಿಷ್ ಕ್ರಿಯಾಪದದ ಹಿಂದೆ ಅಂಟಿಕೊಂಡ ಪುಟ್ಟ ಪದವನ್ನೂ ಸೇರಿಸಿಯೇ ಎತ್ತಿ. ‘ಲುಕ್ ಫಾರ್’ ಅಂದರೆ ‘ಬುಸ್ಕಾರ್’ ಎಂಬ ಒಂದೇ ಪದ, ‘ವೇಟ್ ಫಾರ್’ ಅಂದರೆ ‘ಎಸ್ಪೆರಾರ್’. ಕನ್ನಡದ ‘ಹುಡುಕು’, ‘ಕಾಯು’ ಹೇಗೋ ಹಾಗೆ. ಅಲ್ಲಿ ‘ಫಾರ್’ಗೆ ಬೇರೆ ಪದ ಹುಡುಕಿದರೆ ಕೆಟ್ಟಿರಿ.

## 2. ಕನ್ನಡದ ಜರಡಿಗೆ ಹಾಕಿ

ಈಗ ವಾಕ್ಯವನ್ನು ಮನೆಯಲ್ಲಿ ಆಡುವ ಕನ್ನಡದಲ್ಲಿ ಹೇಳಿ. ಪುಸ್ತಕದ ಕನ್ನಡ ಬೇಡ, ಅದು ಇಂಗ್ಲಿಷ್‌ನ ನೆರಳಲ್ಲೇ ನಡೆಯುತ್ತದೆ. ಒಂದೇ ಇಂಗ್ಲಿಷ್ ಪದಕ್ಕೆ ನಿಮ್ಮ ಬಾಯಲ್ಲಿ ಬೇರೆ ಬೇರೆ ಕನ್ನಡ ಪದ ಬಂದರೆ ಸ್ಪ್ಯಾನಿಷ್‌ನಲ್ಲೂ ಅದು ಒಡೆಯುವ ಸಾಧ್ಯತೆ ಹೆಚ್ಚು.

‘ನೋ’ ಅಂದರೆ ತಿಳಿದಿರುವುದು. ‘ಉತ್ತರ ಗೊತ್ತು’ ಎಂಬಲ್ಲಿ ‘ಸಬೆರ್’. ‘ಅವಳ ಪರಿಚಯ ಇದೆ’ ಎಂಬಲ್ಲಿ ‘ಕೊನೊಸೆರ್’. ನಾವು ‘ಅವಳು ಗೊತ್ತು’ ಎಂದೂ ಹೇಳುತ್ತೇವಲ್ಲ, ಆಗ ‘ಪರಿಚಯ’ ಕೂರಿಸಿ ನೋಡಿ. ಕೂತರೆ ‘ಕೊನೊಸೆರ್’. ಊರು, ಬೀದಿಗಳಿಗೂ ಇದೇ ಪರೀಕ್ಷೆ. ‘ಈಜು ಬರುತ್ತದೆ’ ಎಂಬ ಮಾತಿಗೆ ‘ಸೆ ನದಾರ್’ ಸಾಕು. ಇಂಗ್ಲಿಷ್ ಇಲ್ಲಿ ‘ಕ್ಯಾನ್’ ಎನ್ನುತ್ತದೆಂದು ‘ಪೊದೆರ್’ ಹಾಕಿದರೆ ‘ಈಗ ಈಜಲು ಆಗುತ್ತದೆ’ ಎಂಬ ಬೇರೆಯೇ ಮಾತಾಗುತ್ತದೆ.

‘ಪ್ಲೇ’ಯಲ್ಲಿ ಕನ್ನಡ ಇನ್ನೂ ಸ್ಪಷ್ಟ: ಆಡುವುದು ‘ಹುಗಾರ್’, ನುಡಿಸುವುದು ‘ತೊಕಾರ್’. ‘ಸ್ಪೆಂಡ್’ ಕೂಡ ಹಾಗೆಯೇ, ಹಣ ಖರ್ಚು ಮಾಡುವುದು ‘ಗಸ್ತಾರ್’, ಸಮಯ ಕಳೆಯುವುದು ‘ಪಸಾರ್’. ‘ಸೇವ್’ನಲ್ಲಿ ಪ್ರಾಣ ಕಾಪಾಡಿದರೆ ‘ಸಲ್ಬಾರ್’, ಹಣ ಉಳಿಸಿದರೆ ‘ಅಓರ್ರಾರ್’, ಕಡತ ಎತ್ತಿಟ್ಟರೆ ‘ಗುಅರ್ದಾರ್’.

‘ಟೈಮ್’ ಒಂದರಲ್ಲೇ ಎಡವುವವರು ಬಹಳ. ‘ಎರಡು ಸಲ’ ಎಂದರೆ ‘ದೊಸ್ ಬೆಸೆಸ್’. ‘ಗಂಟೆ ಎಷ್ಟು’ ಎಂದರೆ ‘ಕೆ ಓರಾ ಎಸ್’. ‘ಹೊತ್ತಿಲ್ಲ, ಬಿಡುವಿಲ್ಲ’ ಎಂದರೆ ‘ನೊ ತೆಂಗೊ ತ್ಯೆಂಪೊ’. ‘ಆ ಕಾಲದಲ್ಲಿ’ ಎಂಬುದಕ್ಕೆ ‘ಎಪೊಕಾ’. ಸಲ, ಗಂಟೆ, ಹೊತ್ತು, ಕಾಲ ಎಂದು ಕನ್ನಡ ನಾಲ್ಕು ಖಾನೆ ಮಾಡಿಟ್ಟಿರುವಾಗ ‘ದೊಸ್ ತ್ಯೆಂಪೊಸ್’ ಬರೆಯಲು ಕಾರಣವೇ ಇಲ್ಲ.

‘–ಇಂಗ್’ ಪ್ರತ್ಯಯ ಕಂಡ ಕೂಡಲೇ ‘–ಆಂದೊ’ ಹಚ್ಚುವ ಚಾಳಿಗೂ ಇದೇ ಮದ್ದು. ‘ಈಜುತ್ತಾ’, ‘ಈಜುತ್ತಿದ್ದೇನೆ’ ಎಂದರೆ ‘ನದಾಂದೊ’. ‘ಈಜುವುದು ಒಳ್ಳೆಯದು’ ಎಂದರೆ ಮೂಲರೂಪ ‘ನದಾರ್’. ‘ಈಜುವ ಮುನ್ನ’ ಎಂಬಲ್ಲೂ ‘ಆಂತೆಸ್ ದೆ ನದಾರ್’.

## 3. ಕನ್ನಡ ಕೈಕೊಡುವ ಐದು ಜಾಗ

ಇಲ್ಲಿ ಜರಡಿಯ ರಂಧ್ರವೇ ದೊಡ್ಡದು. ಈ ಐದನ್ನು ಬಾಯಿಪಾಠ ಮಾಡುವುದೇ ಲೇಸು.

ಕೇಳು. ಪ್ರಶ್ನೆ ಕೇಳುವುದು ‘ಪ್ರೆಗುಂತಾರ್’. ವಸ್ತು ಅಥವಾ ಸಹಾಯ ಕೇಳುವುದು ‘ಪೆದಿರ್’. ಕಿವಿಗೆ ಬೀಳುವುದು ‘ಓಇರ್’. ಕಿವಿಗೊಟ್ಟು ಕೇಳುವುದು ‘ಎಸ್ಕುಚಾರ್’. ಇಂಗ್ಲಿಷ್‌ನ ‘ಆಸ್ಕ್’ ಮೊದಲೆರಡನ್ನು ಬೆರೆಸುತ್ತದೆ, ನಮ್ಮ ‘ಕೇಳು’ ನಾಲ್ಕನ್ನೂ ಬೆರೆಸುತ್ತದೆ. ಪರೀಕ್ಷೆ ಸುಲಭ: ಕೇಳಿದ್ದಕ್ಕೆ ಉತ್ತರ ಬರಬೇಕಾದರೆ ‘ಪ್ರೆಗುಂತಾರ್’, ವಸ್ತುವೋ ಕೆಲಸವೋ ಬರಬೇಕಾದರೆ ‘ಪೆದಿರ್’.

ತುಂಬಾ. ವಿಶೇಷಣ ಅಥವಾ ಕ್ರಿಯಾವಿಶೇಷಣದ ಮುಂದೆ ‘ಮುಯ್’. ನಾಮಪದದ ಮುಂದೆ ‘ಮುಚೊ’, ಅದೂ ಲಿಂಗ ವಚನಕ್ಕೆ ತಕ್ಕಂತೆ ಮುಚಾ, ಮುಚೊಸ್, ಮುಚಾಸ್ ಎಂದು ಬದಲಾಗುತ್ತದೆ. ಕ್ರಿಯಾಪದದ ಜೊತೆ ಬದಲಾಗದ ‘ಮುಚೊ’. ಹಸಿವು ಸ್ಪ್ಯಾನಿಷ್‌ನಲ್ಲಿ ನಾಮಪದ, ಸ್ತ್ರೀಲಿಂಗ. ಆದ್ದರಿಂದ ‘ತೆಂಗೊ ಮುಚಾ ಆಂಬ್ರೆ’. ‘ಮುಯ್ ಆಂಬ್ರೆ’ ತಪ್ಪು.

ಬಾ, ಹೋಗು. ಯಾರಾದರೂ ಕೂಗಿದಾಗ ನಾವು ‘ಬಂದೆ’ ಎನ್ನುತ್ತೇವೆ, ಇಂಗ್ಲಿಷಿನವರೂ ‘ಕಮಿಂಗ್’ ಎನ್ನುತ್ತಾರೆ. ಸ್ಪ್ಯಾನಿಷಿನವರು ‘ಬೊಯ್’, ಅಂದರೆ ‘ಹೋಗುತ್ತಿದ್ದೇನೆ’ ಎನ್ನುತ್ತಾರೆ. ಮಾತಾಡುವವರು ನಿಂತಲ್ಲಿಗೆ ಬರುವುದಷ್ಟೇ ‘ಬೆನಿರ್’, ಅಲ್ಲಿಂದ ಬೇರೆಡೆಗೆ ಹೋಗುವುದೆಲ್ಲ ‘ಇರ್’. ತರುವ ‘ತ್ರಾಎರ್’, ಒಯ್ಯುವ ‘ಯೆಬಾರ್’ ಕೂಡ ಇದೇ ಲೆಕ್ಕ. ‘ನಿಮ್ಮ ಮನೆಗೆ ಪುಸ್ತಕ ತರುತ್ತೇನೆ’ ಎಂದು ನಾವು ಹೇಳುವ ಕಡೆ ಅವರು ‘ಯೆಬಾರ್’, ಅಂದರೆ ‘ಒಯ್ಯುತ್ತೇನೆ’ ಎನ್ನುತ್ತಾರೆ.

ಈ, ಆ. ನಮಗೆ ಎರಡು ಸಾಕು, ಅವರಿಗೆ ಮೂರು ಬೇಕು. ನನ್ನ ಹತ್ತಿರದ್ದು ‘ಎಸ್ತೆ’, ನಿಮ್ಮ ಹತ್ತಿರದ್ದು ‘ಎಸೆ’, ಇಬ್ಬರಿಗೂ ದೂರದ್ದು ‘ಅಕೆಲ್’.

ಆಗು. ಇಂಗ್ಲಿಷ್‌ನ ‘ಬಿಕಮ್’, ‘ಗೆಟ್’ಗಳ ಹಾಗೆ ನಮ್ಮ ‘ಆಗು’ವೂ ಎಲ್ಲ ಕಡೆ ನುಗ್ಗುತ್ತದೆ. ಮುಖ ಕೆಂಪಾಗುವಂಥ ಗಳಿಗೆಯ ಬದಲಾವಣೆಗೆ ‘ಪೊನೆರ್ಸೆ’. ಓದಿ ವೈದ್ಯನಾಗುವಂಥ ಪ್ರಯತ್ನದ ಫಲಕ್ಕೆ ‘ಅಸೆರ್ಸೆ’. ಮನುಷ್ಯನ ಸ್ವಭಾವವೇ ತಿರುಗಿದರೆ ‘ಬೊಲ್ಬೆರ್ಸೆ’. ಕುರುಡಾಗುವಂಥ, ಏನೋ ನಡೆದು ಉಳಿದುಹೋದ ಸ್ಥಿತಿಗೆ ‘ಕೆದಾರ್ಸೆ’. ಒಂದು ವಸ್ತು ಮತ್ತೊಂದಾಗಿ ಮಾರ್ಪಟ್ಟರೆ ‘ಕೊನ್ಬೆರ್ತಿರ್ಸೆ ಎನ್’. ಗಡಿಗಳು ಅಲ್ಲಲ್ಲಿ ಮಸುಕಾಗಿವೆ. ಆದರೂ ಮೊದಲ ಎರಡನ್ನು ಬೇರೆ ಮಾಡಲು ಕಲಿತರೆ ದಿನಬಳಕೆಯ ಬಹುಪಾಲು ನಿಭಾಯಿಸಬಹುದು.

## 4. ‘ಈಸ್’, ‘ಆಮ್’, ‘ಆರ್’: ಐದು ದಾರಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಇಂಗ್ಲಿಷ್‌ನ ಈ ಒಂದು ಕ್ರಿಯಾಪದ ಸ್ಪ್ಯಾನಿಷ್‌ನಲ್ಲಿ ಸೆರ್, ಎಸ್ತಾರ್, ಆಯ್, ತೆನೆರ್, ಅಸೆರ್ ಎಂದು ಒಡೆಯುತ್ತದೆ. ಎಷ್ಟೋ ಪಾಠಗಳಲ್ಲಿ ‘ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್’ ಎಂದು ಹೇಳಿಕೊಡುತ್ತಾರೆ. ಆ ಸೂತ್ರ ಮರೆತುಬಿಡಿ. ಸಾವಿಗಿಂತ ಶಾಶ್ವತವಾದದ್ದು ಯಾವುದು? ಆದರೂ ‘ಎಸ್ತಾ ಮುಎರ್ತೊ’. ಗಡಿಯಾರದ ಹೊತ್ತು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ, ಆದರೂ ‘ಸೊನ್ ಲಾಸ್ ದೊಸ್’ ಎಂದು ‘ಸೆರ್’ ಕುಟುಂಬವೇ ಬರುತ್ತದೆ.

ಕನ್ನಡದಿಂದ ನೋಡಿದರೆ ಎರಡೂ ಸಹಜ. ‘ಸತ್ತಿದ್ದಾನೆ’ ಎಂಬಲ್ಲಿ ‘ಇದ್ದಾನೆ’ ಇದೆ. ‘ಈಗ ಎರಡು ಗಂಟೆ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಇಷ್ಟನ್ನೇ ಹಿಡಿದು ಹೊರಡಿ.

ಕ್ರಿಯಾಪದವಿಲ್ಲದೆ ಕನ್ನಡ ವಾಕ್ಯ ಮುಗಿದರೆ ‘ಸೆರ್’. ಅವಳು ವೈದ್ಯೆ. ಇದು ಮರದ್ದು. ನಾಳೆ ಸೋಮವಾರ. ಅವನು ಎತ್ತರ. ಗುರುತು, ಕಸುಬು, ಮೂಲ, ದಿನ, ಗಂಟೆ ಎಲ್ಲವೂ ಇಲ್ಲಿಗೆ ಬರುತ್ತವೆ.

‘ಇದೆ’, ‘ಇದ್ದಾಳೆ’ ಬಂದು ಅದು ಸ್ಥಳವನ್ನೋ ಸ್ಥಿತಿಯನ್ನೋ ಹೇಳಿದರೆ ‘ಎಸ್ತಾರ್’. ಅವಳು ಒಳಗಿದ್ದಾಳೆ. ಬಾಗಿಲು ಮುಚ್ಚಿದೆ. ನೀರು ತಣ್ಣಗಿದೆ. ಓದುತ್ತಿದ್ದಾನೆ.

ಹೊಸದಾಗಿ ಏನೋ ‘ಇದೆ’ ಎಂದು ತಿಳಿಸಿದರೆ ‘ಆಯ್’. ‘ಪುಸ್ತಕ ಮೇಜಿನ ಮೇಲಿದೆ’ ಎಂದರೆ ಯಾವ ಪುಸ್ತಕವೆಂದು ಇಬ್ಬರಿಗೂ ಗೊತ್ತು, ಅಲ್ಲಿ ‘ಎಲ್ ಲಿಬ್ರೊ ಎಸ್ತಾ’. ‘ಮೇಜಿನ ಮೇಲೆ ಒಂದು ಪುಸ್ತಕ ಇದೆ’ ಎಂದರೆ ‘ಆಯ್ ಉನ್ ಲಿಬ್ರೊ’. ಕನ್ನಡದಲ್ಲಿ ಪದಗಳ ಕ್ರಮವೇ ಸುಳಿವು ಕೊಡುತ್ತದೆ. ಒಂದಿರಲಿ ನೂರಿರಲಿ, ‘ಆಯ್’ ಬದಲಾಗದು.

‘ನನಗೆ’ ಎಂದು ಶುರುವಾಗಿ ಮೈಯೊಳಗಿನ ಅನುಭವ ಹೇಳಿದರೆ ‘ತೆನೆರ್’. ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಸೆಕೆ, ಹೆದರಿಕೆ. ವಯಸ್ಸೂ ಇಲ್ಲಿಗೇ: ‘ನನಗೆ ಇಪ್ಪತ್ತು ವರ್ಷ’ ಎಂದರೆ ‘ತೆಂಗೊ ಬೆಯ್ಂತೆ ಆನ್ಯೊಸ್’. ಇದನ್ನು ಬರೆಯುವಾಗ ‘ಎನ್’ ಮೇಲಿನ ಅಲೆಗೆರೆ ಬಿಟ್ಟರೆ ‘ವರ್ಷ’ ಹೋಗಿ ‘ಗುದದ್ವಾರ’ ಉಳಿಯುತ್ತದೆ. ಕೀಲಿಮಣೆಯಲ್ಲಿ ಆ ಅಕ್ಷರ ಎಲ್ಲಿದೆ ಎಂದು ಇವತ್ತೇ ಹುಡುಕಿಟ್ಟುಕೊಳ್ಳಿ.

ಹವೆಯ ಮಾತಾದರೆ ‘ಅಸೆರ್’. ಇಂಗ್ಲಿಷ್‌ನಲ್ಲಿ ‘ಕೋಲ್ಡ್’ ಒಂದೇ. ಸ್ಪ್ಯಾನಿಷ್‌ನಲ್ಲಿ ಹೊರಗೆ ಚಳಿ ಇದ್ದರೆ ‘ಅಸೆ ಫ್ರಿಯೊ’, ನನಗೆ ಚಳಿಯಾದರೆ ‘ತೆಂಗೊ ಫ್ರಿಯೊ’, ನೀರು ತಣ್ಣಗಿದ್ದರೆ ‘ಎಲ್ ಆಗುಆ ಎಸ್ತಾ ಫ್ರಿಯಾ’. ಸೆಕೆಯಾಗುತ್ತಿದೆ ಎನ್ನಲು ‘ಎಸ್ತೊಯ್ ಕಾಲ್ಯೆಂತೆ’ ಎಂದರೆ ಕಾಮೋದ್ರೇಕದ ಅರ್ಥ ಬರುತ್ತದೆ. ‘ತೆಂಗೊ ಕಲೋರ್’ ಎನ್ನಿ.

ಈ ಜರಡಿಯಲ್ಲೂ ಎರಡು ತೂತುಗಳಿವೆ. ಮೊದಲನೆಯದು ‘–ಆಗಿದೆ’. ‘ಮನೆ ದೊಡ್ಡದಾಗಿದೆ’ ಎಂಬಲ್ಲಿ ‘ಇದೆ’ ಇದ್ದರೂ ಸ್ಪ್ಯಾನಿಷ್‌ನಲ್ಲಿ ‘ಸೆರ್’ ಬೇಕು. ಇಂಥಲ್ಲಿ ‘ಮನೆ ದೊಡ್ಡದು’ ಎಂದು ಮುರಿದು ನೋಡಿ. ಅರ್ಥ ಕೆಡದಿದ್ದರೆ ಅದು ಗುಣ, ‘ಸೆರ್’ ಹಾಕಿ. ‘ಇವತ್ತು ಸುಂದರವಾಗಿ ಕಾಣುತ್ತಿದ್ದೀಯ’ ಎಂಬಂತೆ ಆ ಹೊತ್ತಿನ ಮಾತಾದರೆ ‘ಎಸ್ತಾರ್’. ಕೆಲವು ಪದಗಳಲ್ಲಿ ಇದರಿಂದ ಅರ್ಥವೇ ಬೇರೆಯಾಗುತ್ತದೆ. ‘ಎಸ್ ಅಬುರ್ರಿದೊ’ ಅಂದರೆ ಅವನ ಜೊತೆ ಇದ್ದರೆ ಬೇಸರ, ‘ಎಸ್ತಾ ಅಬುರ್ರಿದೊ’ ಅಂದರೆ ಅವನಿಗೇ ಬೇಸರವಾಗಿದೆ. ‘ಎಸ್ ಲಿಸ್ತೊ’ ಅಂದರೆ ಜಾಣ, ‘ಎಸ್ತಾ ಲಿಸ್ತೊ’ ಅಂದರೆ ಸಿದ್ಧ.

ಎರಡನೆಯ ತೂತು ಸಭೆ ಸಮಾರಂಭಗಳದ್ದು. ಸ್ಥಳ ಹೇಳುವಾಗ ‘ಎಸ್ತಾರ್’ ಎಂದೆನಲ್ಲ, ಅಲ್ಲಿ ‘ನಡೆಯುತ್ತದೆ’ ಎಂಬ ಪದ ಕೂತರೆ ‘ಸೆರ್’ ಬರುತ್ತದೆ. ಆಫೀಸು ಇರುವ ಜಾಗಕ್ಕೆ ‘ಎಸ್ತಾ’, ಸಭೆ ನಡೆಯುವ ಜಾಗಕ್ಕೆ ‘ಎಸ್’.

## 5. ‘ಫಾರ್’ ಕಂಡಾಗ ಪಾರಾ, ಪೋರ್

ಇಲ್ಲಿ ‘ಗಾಗಿ’ ಎಂದು ಅನುವಾದಿಸಿ ನೋಡಬೇಡಿ. ಅದು ‘ಫಾರ್’ನಷ್ಟೇ ಮಬ್ಬು. ಬೇರೆ ಕನ್ನಡ ರೂಪ ಕೂರಿಸಿ.

ಮುಂದಿನ ಗುರಿ ಹೇಳುವ ರೂಪ ಬಂದರೆ ‘ಪಾರಾ’. ‘ಓದಲಿಕ್ಕೆ’, ‘ಅವಳಿಗೆ ಕೊಡಲು’, ‘ಸೋಮವಾರದೊಳಗೆ’, ‘ಆ ಊರಿನ ಕಡೆಗೆ’, ‘ನನ್ನ ಮಟ್ಟಿಗೆ’.

ಹಿಂದಿನ ಕಾರಣವನ್ನೋ ದಾರಿಯನ್ನೋ ಹೇಳಿದರೆ ‘ಪೋರ್’. ‘ಮಳೆಯಿಂದಾಗಿ’, ‘ಕಿಟಕಿಯ ಮೂಲಕ’, ‘ಅದರ ಬದಲಿಗೆ’, ‘ನನ್ನ ಪರವಾಗಿ’, ‘ಇಷ್ಟು ಹಣ ಕೊಟ್ಟು’. ‘ಗ್ರಾಸ್ಯಾಸ್’ ಹಿಂದೆ ಯಾವಾಗಲೂ ‘ಪೋರ್’, ಏಕೆಂದರೆ ಕೃತಜ್ಞತೆಗೆ ಕಾರಣ ಆಗಲೇ ನಡೆದುಹೋಗಿರುತ್ತದೆ.

‘ಅಣ್ಣನಿಗಾಗಿ ಕೆಲಸ ಮಾಡುತ್ತೇನೆ’ ಎಂಬ ಒಂದೇ ವಾಕ್ಯ ತೆಗೆದುಕೊಳ್ಳಿ. ‘ತ್ರಬಾಹೊ ಪಾರಾ ಮಿ ಎರ್ಮಾನೊ’ ಎಂದರೆ ಅಣ್ಣನೇ ಯಜಮಾನ. ‘ತ್ರಬಾಹೊ ಪೋರ್ ಮಿ ಎರ್ಮಾನೊ’ ಎಂದರೆ ಇವತ್ತು ಅವನು ಬಂದಿಲ್ಲ, ಅವನ ಬದಲಿಗೆ ನಾನು ನಿಂತಿದ್ದೇನೆ, ಇಲ್ಲವೇ ಅವನ ಸಲುವಾಗಿ ದುಡಿಯುತ್ತಿದ್ದೇನೆ.

ಎರಡೂ ಬೇಡದ ಕಡೆಯೂ ಉಂಟು. ‘ಎರಡು ವರ್ಷದಿಂದ ಓದುತ್ತಿದ್ದೇನೆ’ ಎಂಬುದಕ್ಕೆ ‘ಯೆಬೊ ದೊಸ್ ಆನ್ಯೊಸ್ ಎಸ್ತುದ್ಯಾಂದೊ’ ಅತ್ಯಂತ ಸಹಜ. ಅಲ್ಲಿ ‘ಫಾರ್’ಗೆ ಜಾಗವೇ ಇಲ್ಲ.

## 6. ವಿಭಕ್ತಿ ನೋಡಿ ವಾಕ್ಯ ಕಟ್ಟಿ

ಈ ಹಂತದಲ್ಲಿ ಇಂಗ್ಲಿಷ್‌ನವರು ಬೆವರುತ್ತಾರೆ. ನಮಗೆ ಇದು ಸಲೀಸು, ಆದರೆ ಇಂಗ್ಲಿಷ್ ಪಾಠ ನೆಚ್ಚಿಕೊಂಡು ನಾವೂ ಬೆವರುತ್ತೇವೆ.

‘ಐ ಲೈಕ್ ದ ಬುಕ್’ ಎಂಬಲ್ಲಿ ‘ನಾನು’ ಕರ್ತೃ. ಕನ್ನಡದಲ್ಲಿ ‘ನನಗೆ ಪುಸ್ತಕ ಇಷ್ಟ’. ಸ್ಪ್ಯಾನಿಷ್ ಕೂಡ ‘ಮೆ ಗುಸ್ತಾ ಎಲ್ ಲಿಬ್ರೊ’, ‘ಮೆ’ ಅಂದರೆ ‘ನನಗೆ’. ಪುಸ್ತಕಗಳು ಹಲವಾದರೆ ಕ್ರಿಯಾಪದವೂ ಬಹುವಚನ: ‘ಮೆ ಗುಸ್ತಾನ್ ಲೊಸ್ ಲಿಬ್ರೊಸ್’. ಓದುವುದು ಇಷ್ಟ ಎಂದರೆ ಏಕವಚನವೇ, ‘ಮೆ ಗುಸ್ತಾ ಲೆಎರ್’. ‘ನನ್ನ ತಂಗಿಗೆ ಇಷ್ಟ’ ಎನ್ನಲು ‘ಆ ಮಿ ಎರ್ಮಾನಾ ಲೆ ಗುಸ್ತಾ’. ತಂಗಿಯನ್ನು ಹೆಸರಿಸಿದ ಮೇಲೂ ‘ಲೆ’ ಬಿಡುವ ಹಾಗಿಲ್ಲ. ‘ನನಗೆ ತಲೆ ನೋಯುತ್ತಿದೆ’ಗೂ ಇದೇ ಅಚ್ಚು: ‘ಮೆ ದುಎಲೆ ಲಾ ಕಬೇಸಾ’. ‘ನನ್ನ ತಲೆ’ ಎಂದು ನಾವೂ ಅನ್ನುವುದಿಲ್ಲ, ಅವರೂ ಅನ್ನುವುದಿಲ್ಲ.

ಎಚ್ಚರ: ‘ಮೆ ಗುಸ್ತಾಸ್’ ಎಂದು ಒಬ್ಬರಿಗೆ ನೇರವಾಗಿ ಹೇಳಿದರೆ ಸಾಮಾನ್ಯವಾಗಿ ಅದು ಪ್ರೇಮನಿವೇದನೆ. ಸ್ನೇಹದ ಮೆಚ್ಚುಗೆಗೆ ‘ಮೆ ಕಾಎಸ್ ಬ್ಯೆನ್’.

‘ನನಗೆ’ ಕಂಡಲ್ಲೆಲ್ಲ ‘ಮೆ’ ಹಾಕಲೂ ಆಗದು. ಮೈಯೊಳಗಿನ ಅನುಭವಕ್ಕೆ ‘ತೆಂಗೊ’ ಎಂದು ಆಗಲೇ ನೋಡಿದೆವು. ‘ನನಗೆ ಗೊತ್ತು’ ಎಂಬುದಕ್ಕೆ ನೇರವಾಗಿ ‘ಸೆ’.

ಇನ್ನೊಂದು ಸೊಗಸಾದ ಹೊಂದಾಣಿಕೆ ದ್ವಿತೀಯಾ ವಿಭಕ್ತಿಯಲ್ಲಿದೆ. ‘ಕೀಲಿ ಹುಡುಕುತ್ತಿದ್ದೇನೆ’ ಎನ್ನುತ್ತೇವೆ, ‘ಅನ್ನು’ ಬೇಕಾಗದು. ‘ತಂಗಿಯನ್ನು ಹುಡುಕುತ್ತಿದ್ದೇನೆ’ ಎಂಬಲ್ಲಿ ಬೇಕೇ ಬೇಕು. ಸ್ಪ್ಯಾನಿಷ್ ಕೂಡ ‘ಬುಸ್ಕೊ ಲಾ ಯಾಬೆ’, ಆದರೆ ‘ಬುಸ್ಕೊ ಆ ಮಿ ಎರ್ಮಾನಾ’. ಆ ‘ಆ’ಗೆ ಇಂಗ್ಲಿಷ್‌ನಲ್ಲಿ ಪ್ರತಿಪದವಿಲ್ಲ, ಅದಕ್ಕೇ ಎಲ್ಲರೂ ಮರೆಯುತ್ತಾರೆ. ಯಾರಾದರೂ ಆದೀತು ಎಂಬ ಅರ್ಥದಲ್ಲಿ ‘ಡ್ರೈವರ್ ಹುಡುಕುತ್ತಿದ್ದೇನೆ’ ಎಂದಾಗ ಕನ್ನಡದಲ್ಲಿ ‘ಅನ್ನು’ ಬಿದ್ದುಹೋಗುತ್ತದಲ್ಲ, ಅವರ ‘ಆ’ ಕೂಡ ಅಲ್ಲೇ ಬಿದ್ದುಹೋಗುತ್ತದೆ!

ಇನ್ನು ‘ಕೊಳ್ಳು’. ‘ತೊಳೆದೆ’, ‘ತೊಳೆದುಕೊಂಡೆ’ ಇವುಗಳ ನಡುವಿನ ವ್ಯತ್ಯಾಸ ಗೊತ್ತಿದ್ದವರಿಗೆ ‘ಲಬಾರ್’, ‘ಲಬಾರ್ಸೆ’ ವಿವರಿಸಬೇಕಿಲ್ಲ. ಆದರೆ ಇದು ಪೂರ್ತಿ ನೆಚ್ಚುವ ಸೂತ್ರವಲ್ಲ. ಹಾಸಿಗೆಯಿಂದ ಏಳುವುದಕ್ಕೂ ಅವರಿಗೆ ‘ಸೆ’ ಬೇಕು.

‘ಬಟ್’ ಬಗ್ಗೆ ಎರಡೇ ಮಾತು. ‘ಆದರೆ’ ಎಂದಾದರೆ ‘ಪೆರೊ’. ‘ಕೆಂಪಲ್ಲ, ನೀಲಿ’ ಎಂದು ಒಂದನ್ನು ತಳ್ಳಿ ಇನ್ನೊಂದನ್ನು ಇಟ್ಟರೆ ‘ಸಿನೊ’. ತಳ್ಳಿದ್ದರ ಜಾಗಕ್ಕೆ ರೂಪಗೊಂಡ ಕ್ರಿಯಾಪದ ಬಂದರೆ ‘ಸಿನೊ ಕೆ’.

## 7. ಲಿಂಗ ಹೊಂದಿಸಿ, ವಿಶೇಷಣದ ಜಾಗ ನೋಡಿ

ಕನ್ನಡದ ಲಿಂಗ ಅರ್ಥದಿಂದ ಹುಟ್ಟುತ್ತದೆ, ಸ್ಪ್ಯಾನಿಷ್‌ನದು ಪದಕ್ಕೇ ಅಂಟಿರುತ್ತದೆ. ನಾಮಪದವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳದೆ ‘ಎಲ್’ ಅಥವಾ ‘ಲಾ’ ಸಮೇತ ಬರೆಯಿರಿ. ‘ಆ’ದಲ್ಲಿ ಮುಗಿದರೆ ಸ್ತ್ರೀಲಿಂಗ, ‘ಒ’ದಲ್ಲಿ ಮುಗಿದರೆ ಪುಲ್ಲಿಂಗ ಎಂಬ ನಂಬಿಕೆ ಎಲ್ ಪ್ರೊಬ್ಲೇಮಾ, ಎಲ್ ಮಾಪಾ, ಎಲ್ ದಿಯಾ, ಲಾ ಮಾನೊ, ಲಾ ಫೋತೊ ಎದುರಾದಾಗ ಕುಸಿಯುತ್ತದೆ. ‘–ಸ್ಯೊನ್’, ‘–ದಾದ್’ ಪ್ರತ್ಯಯಗಳಿಂದ ಕೊನೆಗೊಳ್ಳುವ ಪದಗಳನ್ನು ಸ್ತ್ರೀಲಿಂಗವೆಂದು ನಂಬಬಹುದು.

‘ಎಲ್ ಆಗುಆ’ ಸ್ತ್ರೀಲಿಂಗವೇ. ಮೊದಲ ‘ಆ’ ಒತ್ತಾಗಿರುವುದರಿಂದ ಏಕವಚನದಲ್ಲಿ ‘ಎಲ್’ ಬಂದಿದೆ ಅಷ್ಟೆ. ವಿಶೇಷಣ ‘ಫ್ರಿಯಾ’ ಎಂದೇ ಆಗಬೇಕು.

ಲಿಂಗ ಬದಲಾದರೆ ಅರ್ಥ ಬದಲಾಗುವ ಪದಗಳಲ್ಲಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. ‘ಎಲ್ ಕಪಿತಾಲ್’ ಬಂಡವಾಳ, ‘ಲಾ ಕಪಿತಾಲ್’ ರಾಜಧಾನಿ. ‘ಎಲ್ ಓರ್ದೆನ್’ ಕ್ರಮ, ‘ಲಾ ಓರ್ದೆನ್’ ಆಜ್ಞೆ.

ವಿಶೇಷಣ ಸಾಮಾನ್ಯವಾಗಿ ನಾಮಪದ ಆದ ಮೇಲೆ ಬರುತ್ತದೆ. ನಾಮಪದಕ್ಕಿಂತ ಮೊದಲು ತಂದರೆ ಕೆಲವಕ್ಕೆ ಬೇರೆ ಅರ್ಥ: ‘ಉನ್ ಅಮಿಗೊ ಬ್ಯೆಹೊ’ ವಯಸ್ಸಾದ ಗೆಳೆಯ, ‘ಉನ್ ಬ್ಯೆಹೊ ಅಮಿಗೊ’ ಹಳೇ ಗೆಳೆಯ.

## 8. ಯಾರೊಡನೆ, ಯಾವ ದೇಶದಲ್ಲಿ?

ಇಂಗ್ಲಿಷ್‌ನ ‘ಯೂ’ ನಮಗೆ ನೀನು, ನೀವು. ಸ್ಪ್ಯಾನಿಷ್‌ನಲ್ಲೂ ಸಲುಗೆಗೆ ‘ತು’, ಗೌರವಕ್ಕೆ ‘ಉಸ್ತೆದ್’. ಎರಡು ಎಚ್ಚರ. ನಮ್ಮ ‘ನೀವು’ ಒಬ್ಬರಿಗೂ ಹಲವರಿಗೂ ನಡೆಯುತ್ತದೆ, ‘ಉಸ್ತೆದ್’ ಒಬ್ಬರಿಗೆ ಮಾತ್ರ, ಹಲವರಾದರೆ ‘ಉಸ್ತೆದೆಸ್’. ಮತ್ತು ‘ಉಸ್ತೆದ್’ ಜೊತೆ ಬರುವ ಕ್ರಿಯಾಪದ ‘ಅವನು, ಅವಳು’ ರೂಪದ್ದು: ‘ತು ತ್ಯೆನೆಸ್’, ಆದರೆ ‘ಉಸ್ತೆದ್ ತ್ಯೆನೆ’. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸುವುದು ಸಾಮಾನ್ಯ ತಪ್ಪು. ಗೆಳೆಯರ ಗುಂಪಿಗೆ ಸ್ಪೇನ್‌ನಲ್ಲಿ ‘ಬೊಸೊತ್ರೊಸ್’, ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೆದೆಸ್’. ಅರ್ಜೆಂಟೀನಾದಲ್ಲಿ ‘ತು’ ಬದಲು ‘ಬೊಸ್’ ಕೇಳಿಸುತ್ತದೆ.

‘ಟೇಕ್’ಗೆ ಪದ ಆರಿಸುವಾಗ ದೇಶ ನೋಡಲೇಬೇಕು. ಬಸ್ಸು ಹಿಡಿಯಲು ಸ್ಪೇನ್‌ನಲ್ಲಿ ‘ಕೊಹೆರ್’ ಸರಾಗ, ಮೆಕ್ಸಿಕೊ ಮತ್ತು ಅರ್ಜೆಂಟೀನಾದಲ್ಲಿ ಅದು ಅಶ್ಲೀಲ. ‘ತೊಮಾರ್’ ಎಲ್ಲೆಡೆ ಸುರಕ್ಷಿತ. ಉಳಿದಂತೆ ಫೋಟೊ ತೆಗೆಯಲು ‘ಸಕಾರ್’, ಬಟ್ಟೆ ಕಳಚಲು ‘ಕಿತಾರ್ಸೆ’, ಹೊತ್ತು ಹಿಡಿಯಲು ‘ತರ್ದಾರ್’, ಜೊತೆಗೊಯ್ಯಲು ‘ಯೆಬಾರ್’. ಕಂಪ್ಯೂಟರ್ ಸ್ಪೇನ್‌ನಲ್ಲಿ ‘ಓರ್ದೆನಾದೊರ್’, ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ ‘ಕೊಂಪುತಾದೊರಾ’.

## 9. ವೇಷಧಾರಿ ಪದಗಳನ್ನು ಹಿಡಿಯಿರಿ

ಇಂಗ್ಲಿಷ್‌ನಂತೆ ಕಾಣುವ ಪದ ಸಿಕ್ಕರೆ ಖುಷಿಪಡುವ ಮೊದಲು ನಿಘಂಟು ತೆರೆಯಿರಿ. ಮುಜುಗರವಾಯಿತು ಎನ್ನಲು ಹೋಗಿ ‘ಎಂಬರಸಾದಾ’ ಎಂದರೆ ಗರ್ಭಿಣಿ ಎಂದಂತೆ. ‘ಎಕ್ಸಿತೊ’ ಹೊರಹೋಗುವ ದಾರಿಯಲ್ಲ, ಯಶಸ್ಸು. ದಾರಿಗೆ ‘ಸಲಿದಾ’. ‘ಲಿಬ್ರೆರಿಯಾ’ ಪುಸ್ತಕದಂಗಡಿ, ಗ್ರಂಥಾಲಯ ಬೇಕಾದರೆ ‘ಬಿಬ್ಲಿಯೊತೆಕಾ’. ‘ಅಕ್ತುಆಲ್’ ಅಂದರೆ ಈಗಿನ. ‘ಅಸಿಸ್ತಿರ್’ ಹೆಚ್ಚಾಗಿ ಹಾಜರಾಗುವುದು. ‘ಸೆನ್ಸಿಬ್ಲೆ’ ಸೂಕ್ಷ್ಮ ಮನಸ್ಸಿನವರು. ‘ಕರ್ಪೆತಾ’ ಕಾಗದ ಇಡುವ ಫೋಲ್ಡರ್. ‘ಮೊಲೆಸ್ತಾರ್’ ಬರೀ ತೊಂದರೆ ಕೊಡುವುದು, ಇಂಗ್ಲಿಷ್‌ನ ಕೆಟ್ಟ ಅರ್ಥ ಅದಕ್ಕಿಲ್ಲ. ಅರಿವಾಯಿತು ಎನ್ನಲು ‘ರೆಆಲಿಸಾರ್’ ಬೇಡ, ‘ದಾರ್ಸೆ ಕುಎಂತಾ’ ಬೇಕು.

## 10. ತಪ್ಪಿನ ಸುಳಿವುಗಳು, ಕೊನೆಯ ಪರೀಕ್ಷೆ

ಯಂತ್ರಾನುವಾದಕ್ಕೆ ಕೊಡುವುದಾದರೆ ಪೂರ್ತಿ ವಾಕ್ಯ ಕೊಡಿ, ಮಾತಾಡುತ್ತಿರುವುದು ಹೆಂಗಸೋ ಗಂಡಸೋ, ಎದುರಿಗಿರುವವರಿಗೆ ಗೌರವ ಬೇಕೋ ಸಲುಗೆಯೋ ನೀವೇ ತಿದ್ದಿಕೊಳ್ಳಿ. ಸ್ಪ್ಯಾನಿಷನ್ನು ಮತ್ತೆ ಇಂಗ್ಲಿಷ್‌ಗೆ ತಿರುಗಿಸಿ ‘ಸರಿಯಾಗಿ ಬಂತು’ ಎಂದು ನೆಮ್ಮದಿಪಡಬೇಡಿ. ತಪ್ಪು ವಾಕ್ಯದಿಂದಲೂ ಯಂತ್ರ ನಿಮ್ಮ ಮೂಲ ವಾಕ್ಯವನ್ನು ಊಹಿಸಿಬಿಡುತ್ತದೆ. ವಸ್ತುಗಳ ಹೆಸರಿಗೆ ಚಿತ್ರ ಹುಡುಕುವುದು ಹೆಚ್ಚು ಭರವಸೆಯ ಹಾದಿ. ‘ಪೆಸ್’ ಎಂದು ಹುಡುಕಿದರೆ ನೀರಲ್ಲಿ ಈಜುವ ಮೀನು, ‘ಪೆಸ್ಕಾದೊ’ ಎಂದರೆ ತಟ್ಟೆಗೆ ಬರುವ ಮೀನು. ಮೂಲೆಯನ್ನು ಹೀಗೆ ಹುಡುಕಿದರೂ ಎರಡು ಕಾಣುತ್ತವೆ: ಕೋಣೆಯೊಳಗಿನದು ‘ರಿಂಕೊನ್’, ಬೀದಿಯದು ‘ಎಸ್ಕಿನಾ’.

ಬರೆದದ್ದರಲ್ಲಿ ಈ ಲಕ್ಷಣ ಕಂಡರೆ ನಿಂತು ನೋಡಿ: ಎಲ್ಲ ವಾಕ್ಯವೂ ‘ಯೊ’ ಎಂದು ಶುರುವಾಗುತ್ತಿದೆ (ಕನ್ನಡದಂತೆ ಸ್ಪ್ಯಾನಿಷ್‌ನಲ್ಲೂ ‘ನಾನು’ ಬಿಡುವುದೇ ವಾಡಿಕೆ), ‘ಮಳೆ ಬರುತ್ತಿದೆ’ ಎನ್ನಲು ‘ಇಟ್’ಗೆ ಪದ ಹುಡುಕುತ್ತಿದ್ದೀರಿ (‘ಯುಎಬೆ’ ಅಷ್ಟೇ ಸಾಕು), ಇಂಗ್ಲಿಷ್‌ನಲ್ಲಿದ್ದಷ್ಟೇ ಪದ ಸ್ಪ್ಯಾನಿಷ್‌ನಲ್ಲೂ ಬಂದಿವೆ, ಒಂದು ಅಕ್ಷರದ ಮೇಲೂ ಒತ್ತಿನ ಗೆರೆ ಇಲ್ಲ. ‘ಸಿ’ ಮೇಲೆ ಗೆರೆ ಇದ್ದರೆ ‘ಹೌದು’, ಇಲ್ಲದಿದ್ದರೆ ‘ಒಂದು ವೇಳೆ’. ‘ತು’ ಮೇಲೆ ಗೆರೆ ಇದ್ದರೆ ‘ನೀನು’, ಇಲ್ಲದಿದ್ದರೆ ‘ನಿನ್ನ’.

ಒಂದು ವಾಕ್ಯವನ್ನು ಹಂತ ಹಂತವಾಗಿ ದಾಟಿಸಿ ನೋಡೋಣ: ‘ನಾನು ಅವಳ ಹತ್ತಿರ ಪುಸ್ತಕ ಕೇಳಿದೆ, ಆದರೆ ಅದು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.’ ಇಂಗ್ಲಿಷ್ ಮೂಲದಲ್ಲಿ ‘ಆಸ್ಕ್ ಫಾರ್’, ‘ಬಟ್’, ‘ನೋ’, ‘ವಾಸ್’ ನಾಲ್ಕೂ ಇವೆ. ಕೇಳಿದ್ದಕ್ಕೆ ಬರಬೇಕಾದ್ದು ವಸ್ತು, ಹಾಗಾಗಿ ‘ಪೆದಿರ್’, ‘ಫಾರ್’ ಬಿದ್ದುಹೋಯಿತು. ಅವಳ ಹತ್ತಿರ ಎಂಬುದಕ್ಕೆ ‘ಲೆ’. ಏನನ್ನೂ ತಳ್ಳಿ ಬದಲಿ ಇಟ್ಟಿಲ್ಲ, ಆದ್ದರಿಂದ ‘ಪೆರೊ’. ಸಂಗತಿ ಗೊತ್ತಿರುವುದು ‘ಸಬೆರ್’. ಕೇಳಿದ್ದು ಒಮ್ಮೆಗೆ ಮುಗಿಯಿತು, ‘ಪೆದಿ’. ಗೊತ್ತಿಲ್ಲದಿರುವುದು ಆಗ ಹಾಗೇ ಇದ್ದ ಸ್ಥಿತಿ, ‘ಸಬಿಯಾ’. ಪುಸ್ತಕ ಇದ್ದ ಜಾಗ ‘ಎಸ್ತಾರ್’ನದು, ಅದೂ ಇದ್ದ ಸ್ಥಿತಿಯೇ, ‘ಎಸ್ತಾಬಾ’.

ಸಿಕ್ಕ ವಾಕ್ಯ: ‘ಲೆ ಪೆದಿ ಎಲ್ ಲಿಬ್ರೊ, ಪೆರೊ ನೊ ಸಬಿಯಾ ದೊಂದೆ ಎಸ್ತಾಬಾ.’ ಇಲ್ಲಿ ಒಂದು ಕೊಕ್ಕೆ ಉಳಿದಿದೆ. ‘ಸಬಿಯಾ’ ರೂಪ ‘ನನಗೆ’ ಎಂದೂ ‘ಅವಳಿಗೆ’ ಎಂದೂ ಆಗಬಹುದು. ಸರ್ವನಾಮ ಬಿಡಬೇಕು ಎಂದು ಮೇಲೆ ಹೇಳಿದ್ದನ್ನು ಇಲ್ಲಿ ಮುರಿಯಬೇಕು: ‘ಪೆರೊ ಎಯಾ ನೊ ಸಬಿಯಾ’. ‘ದೊಂದೆ’ಯ ‘ಒ’ ಮೇಲೆ ಗೆರೆ ಹಾಕಿ, ವಾಕ್ಯದ ನಡುವೆ ಅಡಗಿದ್ದರೂ ಅದು ಪ್ರಶ್ನೆಯೇ.